ಮಾರುಕಟ್ಟೆ ಪ್ರವೇಶ ಉಪಕ್ರಮ ಯೋಜನೆ

ಮಾರುಕಟ್ಟೆ ಪ್ರವೇಶ ಉಪಕ್ರಮ ಯೋಜನೆಯು ಭಾರತೀಯ ಸರಕುಗಳಿಗೆ ವಿದೇಶಗಳಲ್ಲಿ ಹೊಸ ಮಾರುಕಟ್ಟೆ ದೊರಕಿಸಲು ಮತ್ತು ಈಗಾಗಲೇ ಇರುವ ಮಾರುಕಟ್ಟೆಯಲ್ಲಿ ಅವುಗಳ ಪಾಲನ್ನು ಹೆಚ್ಚಿಸಲು ಭಾರತ ಸರ್ಕಾರವು ಧನಸಹಾಯ ನೀಡುವ ಯೋಜನೆಯಾಗಿದೆ. ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ವಾಣಿಜ್ಯ ಇಲಾಖೆಯು 2001ರಲ್ಲಿ ಇದನ್ನು ಆರಂಭಿಸಿತು. ಮಾರ್ಕೆಟ್ ಆ್ಯಕ್ಸೆಸ್ ಇನಿಷಿಯೇಟಿವ್ ಎಂಬ ಇಂಗ್ಲಿಷ್ ಹೆಸರಿನ ಸಂಕ್ಷಿಪ್ತ ರೂಪವಾದ ಎಂಎಐ ಎಂದೇ ಇದು ರಫ್ತುದಾರರಲ್ಲಿ ಪರಿಚಿತವಾಗಿದೆ. ಇದೇ ಉದ್ದೇಶದ ಹಳೆಯ ಯೋಜನೆಯಾದ ಮಾರುಕಟ್ಟೆ ಅಭಿವೃದ್ಧಿ ನೆರವು 2018ರಲ್ಲಿ ಇದರೊಳಗೆ ವಿಲೀನವಾಯಿತು. 2025ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿಗೆ ನೀಡಿದ ರಫ್ತು ಉತ್ತೇಜನ ಮಿಷನ್‌ನಲ್ಲಿ ಈ ಯೋಜನೆಯನ್ನೂ ಸೇರಿಸಲಾಗಿದೆ.

ಹಿನ್ನೆಲೆ

ಎರಡನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ಭಾರೀ ಯಂತ್ರೋಪಕರಣಗಳ ಆಮದು ಹೆಚ್ಚಿ, ದೇಶದ ವಿದೇಶೀ ವಿನಿಮಯದ ಸಂಗ್ರಹ ವೇಗವಾಗಿ ಕರಗಿತು. ರಫ್ತನ್ನು ಹೆಚ್ಚಿಸದೆ ಅಭಿವೃದ್ಧಿ ಸಾಧ್ಯವಿಲ್ಲ ಎಂಬ ಅರಿವು ಮೂಡಿದ ಕಾಲವದು. ಆಮದು ಮತ್ತು ರಫ್ತು ನೀತಿಯನ್ನು ಪರಿಶೀಲಿಸಲು 1961–62ರಲ್ಲಿ ನೇಮಕವಾದ ಸಮಿತಿಗೆ, ಮೈಸೂರು ಸಂಸ್ಥಾನದ ಕೊನೆಯ ದಿವಾನರಾಗಿದ್ದ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಅವರು ಅಧ್ಯಕ್ಷರಾಗಿದ್ದರು. 1963ರಲ್ಲಿ ಮಾರುಕಟ್ಟೆ ಅಭಿವೃದ್ಧಿ ನಿಧಿ ಸ್ಥಾಪನೆಯಾಯಿತು. ವಿದೇಶೀ ಮೇಳಗಳಲ್ಲಿ ಭಾಗವಹಿಸುವುದು, ವಾಣಿಜ್ಯ ನಿಯೋಗಗಳನ್ನು ಕಳುಹಿಸುವುದು, ಪ್ರಚಾರ ಕೈಗೊಳ್ಳುವುದು ಮುಂತಾದ ಕೆಲಸಗಳಿಗೆ ಈ ನಿಧಿಯಿಂದ ಹಣ ದೊರೆಯತೊಡಗಿತು. ಮಾರುಕಟ್ಟೆ ಅಭಿವೃದ್ಧಿ ನೆರವು ಯೋಜನೆಯ ಮೂಲ ಇಲ್ಲಿದೆ.

ಸಾಂಪ್ರದಾಯಿಕ ಮಾರುಕಟ್ಟೆಗಳಾದ ಯುರೋಪು ಮತ್ತು ಅಮೆರಿಕಗಳ ಆಚೆಗೂ ವ್ಯಾಪಾರ ಹರಡಬೇಕೆಂಬ ಉದ್ದೇಶದಿಂದ ಸರ್ಕಾರವು 1997ರಲ್ಲಿ ಲ್ಯಾಟಿನ್ ಅಮೆರಿಕ, 2002ರಲ್ಲಿ ಆಫ್ರಿಕಾ ಮತ್ತು 2003ರಲ್ಲಿ ಹಿಂದಿನ ಸೋವಿಯತ್ ಒಕ್ಕೂಟದ ದೇಶಗಳನ್ನು ಕೇಂದ್ರೀಕರಿಸಿದ ಕಾರ್ಯಕ್ರಮಗಳನ್ನು ಪ್ರಾರಂಭಿಸಿತು. ಈ ಪ್ರದೇಶಗಳಿಗೆ ತೆರಳುವ ರಫ್ತುದಾರರಿಗೆ ಹೆಚ್ಚಿನ ನೆರವು ನೀಡಲಾಗುತ್ತಿತ್ತು. ಇಂತಹ ಸರಕಿಗೆ ಇಂತಹ ದೇಶ ಎಂದು ಮೊದಲು ಅಧ್ಯಯನದಿಂದ ಗುರುತಿಸಿ, ಅನಂತರ ಅಲ್ಲಿ ಪ್ರಚಾರ ಕೈಗೊಳ್ಳುವ ಕ್ರಮವನ್ನು ಎಂಎಐ ಯೋಜನೆಯು ಅಳವಡಿಸಿಕೊಂಡಿತು.

ನೆರವು ದೊರೆಯುವ ಕಾರ್ಯಗಳು

ಯೋಜನೆಯಡಿ ಧನಸಹಾಯ ಪಡೆಯಬಹುದಾದ ಪ್ರಮುಖ ಕಾರ್ಯಗಳು ಹೀಗಿವೆ:

• ವಿದೇಶೀ ವ್ಯಾಪಾರ ಮೇಳ ಹಾಗೂ ವಸ್ತುಪ್ರದರ್ಶನಗಳಲ್ಲಿ ಭಾಗವಹಿಸುವುದು
• ಖರೀದಿದಾರರು ಮತ್ತು ಮಾರಾಟಗಾರರ ಭೇಟಿ ಕಾರ್ಯಕ್ರಮಗಳನ್ನು ವಿದೇಶದಲ್ಲಿ ಏರ್ಪಡಿಸುವುದು
• ವಿದೇಶೀ ಖರೀದಿದಾರರನ್ನು ಭಾರತಕ್ಕೆ ಆಹ್ವಾನಿಸುವುದು
• ಮಾರುಕಟ್ಟೆ ಸಮೀಕ್ಷೆ ಮತ್ತು ಅಧ್ಯಯನ ನಡೆಸುವುದು
• ವಿದೇಶದಲ್ಲಿ ಪ್ರದರ್ಶನ ಮಳಿಗೆ ಮತ್ತು ಉಗ್ರಾಣ ತೆರೆಯುವುದು, ದೊಡ್ಡ ಅಂಗಡಿಗಳಲ್ಲಿ ಸರಕನ್ನು ಪ್ರದರ್ಶಿಸುವುದು
• ಔಷಧ, ಜೈವಿಕ ತಂತ್ರಜ್ಞಾನ ಮತ್ತು ಕೃಷಿ ರಾಸಾಯನಿಕ ಉತ್ಪನ್ನಗಳನ್ನು ಆಮದು ದೇಶದ ಕಾನೂನಿನಂತೆ ನೋಂದಾಯಿಸುವ ಶುಲ್ಕ
• ಭಾರತೀಯ ಸರಕಿನ ವಿರುದ್ಧ ವಿದೇಶದಲ್ಲಿ ಹೂಡಲಾದ ಸುರಿಮಾರಾಟ ವಿರೋಧಿ ಸುಂಕ ಮುಂತಾದ ಪ್ರಕರಣಗಳನ್ನು ಎದುರಿಸುವ ವೆಚ್ಚ
• ರಫ್ತುದಾರರಿಗೆ ತರಬೇತಿ

ಈ ಪಟ್ಟಿಯಿಂದ ಯೋಜನೆಯ ಸ್ವರೂಪ ಸ್ಪಷ್ಟವಾಗುತ್ತದೆ. ಸರಕಿನ ಬೆಲೆಗೆ ಅಥವಾ ಸಾಗಣೆಯಾದ ಪ್ರಮಾಣಕ್ಕೆ ಅನುಗುಣವಾಗಿ ಇಲ್ಲಿ ಹಣ ಸಿಗುವುದಿಲ್ಲ. ಖರೀದಿದಾರನನ್ನು ತಲುಪಲು ತಗಲುವ ವೆಚ್ಚದ ಒಂದು ಭಾಗವನ್ನು ಮಾತ್ರ ಸರ್ಕಾರ ಭರಿಸುತ್ತದೆ. ಮೇಳಕ್ಕೆ ಹೋಗಿ ಬಂದ ಮೇಲೆ ಆದೇಶ ಸಿಗುವುದೋ ಇಲ್ಲವೋ ಎಂಬ ಅನಿಶ್ಚಿತತೆಯ ಕಾರಣ ಸಣ್ಣ ಉದ್ಯಮಗಳು ಇಂತಹ ವೆಚ್ಚಕ್ಕೆ ಹಿಂಜರಿಯುತ್ತವೆ. ಆ ಹಿಂಜರಿಕೆಯನ್ನು ಕಡಿಮೆ ಮಾಡುವುದೇ ಯೋಜನೆಯ ತಿರುಳು.

ಅರ್ಜಿ ಸಲ್ಲಿಸುವವರು

ಯೋಜನೆಯ ಬಗ್ಗೆ ಸಾಮಾನ್ಯವಾಗಿ ಉಂಟಾಗುವ ಗೊಂದಲವೊಂದಿದೆ. ಬಹುತೇಕ ಕಾರ್ಯಗಳಿಗೆ ಪ್ರಸ್ತಾವನೆ ಸಲ್ಲಿಸುವುದು ಒಬ್ಬೊಬ್ಬ ರಫ್ತುದಾರನಲ್ಲ, ಸಂಸ್ಥೆಗಳು. ರಫ್ತು ಉತ್ತೇಜನ ಮಂಡಳಿಗಳು, ಸರಕು ಮಂಡಳಿಗಳು, ಮಾನ್ಯತೆ ಪಡೆದ ವಾಣಿಜ್ಯ ಸಂಘಗಳು, ವಿದೇಶಗಳಲ್ಲಿರುವ ಭಾರತೀಯ ದೂತಾವಾಸಗಳು, ರಾಷ್ಟ್ರಮಟ್ಟದ ಸಂಶೋಧನಾ ಸಂಸ್ಥೆಗಳು ಮತ್ತು ವಿಶ್ವವಿದ್ಯಾಲಯಗಳು ಈ ಗುಂಪಿಗೆ ಸೇರುತ್ತವೆ. ಪ್ರಸ್ತಾವನೆಗಳನ್ನು ವಾಣಿಜ್ಯ ಕಾರ್ಯದರ್ಶಿಯವರ ಅಧ್ಯಕ್ಷತೆಯ ಅಧಿಕಾರಯುಕ್ತ ಸಮಿತಿಯು ಪರಿಶೀಲಿಸಿ ಮಂಜೂರು ಮಾಡುತ್ತದೆ. ಮಂಜೂರಾದ ಮೇಳದಲ್ಲಿ ಭಾಗವಹಿಸಲು ಆಯಾ ಮಂಡಳಿಯು ತನ್ನ ಸದಸ್ಯರಿಂದ ಅರ್ಜಿ ಕರೆಯುತ್ತದೆ. ಹೀಗಾಗಿ ಒಬ್ಬ ಸಣ್ಣ ರಫ್ತುದಾರನ ಪಾಲಿಗೆ ದೆಹಲಿಯ ಸಚಿವಾಲಯಕ್ಕಿಂತ ತನ್ನ ಸರಕಿಗೆ ಸಂಬಂಧಿಸಿದ ಮಂಡಳಿಯೇ ನಿಜವಾದ ಬಾಗಿಲು.

ಯಾವ ಸರಕಿಗೆ ಯಾವ ಸಂಸ್ಥೆ ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಕಾಫಿಗೆ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಕಾಫಿ ಮಂಡಳಿ, ಏಲಕ್ಕಿ, ಮೆಣಸು ಮೊದಲಾದ ಸಾಂಬಾರ ಪದಾರ್ಥಗಳಿಗೆ ಕೊಚ್ಚಿಯ ಸಾಂಬಾರ ಮಂಡಳಿ, ಹಣ್ಣು, ತರಕಾರಿ ಮತ್ತು ಸಂಸ್ಕರಿತ ಆಹಾರಕ್ಕೆ ಅಪೆಡಾ, ಮೀನು ಮತ್ತು ಸಿಗಡಿಗೆ ಎಂಪೆಡಾ, ಎಂಜಿನಿಯರಿಂಗ್ ಸರಕುಗಳಿಗೆ ಇಇಪಿಸಿ, ಕರಕುಶಲ ವಸ್ತುಗಳಿಗೆ ಕರಕುಶಲ ರಫ್ತು ಉತ್ತೇಜನ ಮಂಡಳಿ ಇವೆ. ಹಲವು ಬಗೆಯ ಸರಕುಗಳನ್ನು ಒಟ್ಟಾಗಿ ರಫ್ತು ಮಾಡುವವರು 1965ರಲ್ಲಿ ಸ್ಥಾಪನೆಯಾದ ಭಾರತೀಯ ರಫ್ತು ಸಂಘಟನೆಗಳ ಒಕ್ಕೂಟದಲ್ಲಿ ನೋಂದಾಯಿಸಿಕೊಳ್ಳಬಹುದು.

ಅಗತ್ಯ ದಾಖಲೆಗಳು

ನೆರವಿಗೆ ಅರ್ಜಿ ಸಲ್ಲಿಸುವ ಮುನ್ನ ರಫ್ತುದಾರನ ಬಳಿ ಕೆಲವು ಮೂಲ ದಾಖಲೆಗಳಿರಬೇಕು. ಮೊದಲನೆಯದು ವಿದೇಶೀ ವ್ಯಾಪಾರ ಮಹಾನಿರ್ದೇಶನಾಲಯವು ನೀಡುವ ಹತ್ತು ಅಕ್ಷರ–ಅಂಕಿಗಳ ಆಮದು–ರಫ್ತು ಸಂಕೇತ. ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಬಳಿಕ ಸಂಸ್ಥೆಯ ಪ್ಯಾನ್ ಸಂಖ್ಯೆಯೇ ಈ ಸಂಕೇತವಾಗಿರುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ಇದರ ವಿವರಗಳನ್ನು ಜಾಲತಾಣದಲ್ಲಿ ದೃಢೀಕರಿಸಬೇಕು, ಇಲ್ಲವಾದರೆ ಸಂಕೇತವು ನಿಷ್ಕ್ರಿಯವಾಗುತ್ತದೆ. ಎರಡನೆಯದು ಸಂಬಂಧಿಸಿದ ಮಂಡಳಿಯಿಂದ ಪಡೆಯುವ ನೋಂದಣಿ ಮತ್ತು ಸದಸ್ಯತ್ವ ಪ್ರಮಾಣಪತ್ರ. ಮೂರನೆಯದು ಹಿಂದಿನ ವರ್ಷಗಳ ರಫ್ತು ವಹಿವಾಟಿನ ಬಗ್ಗೆ ಚಾರ್ಟರ್ಡ್ ಅಕೌಂಟೆಂಟ್ ನೀಡುವ ದೃಢೀಕರಣ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮವೆಂದು ಸೌಲಭ್ಯ ಬಯಸುವವರು ಉದ್ಯಮ್ ನೋಂದಣಿಯನ್ನೂ ಹೊಂದಿರಬೇಕು.

ಅರ್ಜಿಯ ಕ್ರಮ ಮತ್ತು ಷರತ್ತುಗಳು

ಒಬ್ಬೊಬ್ಬ ರಫ್ತುದಾರನಿಗೆ ನೀಡುವ ನೆರವಿನ ರೀತಿಯನ್ನು ಅರಿಯಲು ಮಾರುಕಟ್ಟೆ ಅಭಿವೃದ್ಧಿ ನೆರವು ಯೋಜನೆಯ 2013ರ ಮಾರ್ಗಸೂಚಿ ಒಳ್ಳೆಯ ನಿದರ್ಶನ. ವಾರ್ಷಿಕ ರಫ್ತು ವಹಿವಾಟು 30 ಕೋಟಿ ರೂಪಾಯಿ ಮೀರದ ಸಂಸ್ಥೆಗಳು ಅದರಡಿ ಅರ್ಹವಾಗಿದ್ದವು. ಮಂಡಳಿಯ ಸದಸ್ಯತ್ವ ಪಡೆದು 12 ತಿಂಗಳು ಪೂರ್ಣಗೊಂಡಿರಬೇಕಿತ್ತು. ಪ್ರಯಾಣಕ್ಕೆ ಹೊರಡುವ ಕನಿಷ್ಠ 14 ದಿನ ಮೊದಲು ಮಂಡಳಿಗೆ ಅರ್ಜಿ ತಲುಪಬೇಕಿತ್ತು. ಸಂಸ್ಥೆಯ ಮಾಲೀಕ, ಪಾಲುದಾರ, ನಿರ್ದೇಶಕ ಅಥವಾ ಕಾಯಂ ನೌಕರರಲ್ಲಿ ಒಬ್ಬರಿಗೆ ಮಾತ್ರ ನೆರವು ಸಿಗುತ್ತಿತ್ತು. ವಿದೇಶೀ ಪಾಸ್‌ಪೋರ್ಟ್ ಉಳ್ಳವರಿಗೆ ಅವಕಾಶವಿರಲಿಲ್ಲ. ಒಂದೇ ಮೇಳಕ್ಕೆ ಮೂರು ಬಾರಿ ನೆರವು ಪಡೆದವರು ನಾಲ್ಕನೆಯ ಬಾರಿಯಿಂದ ಸ್ವಂತ ಖರ್ಚಿನಲ್ಲಿ ಹೋಗಬೇಕಿತ್ತು.

ಸಾಮಾನ್ಯ ದರ್ಜೆಯ ವಿಮಾನ ಪ್ರಯಾಣ ದರ ಮತ್ತು ಮಳಿಗೆಯ ಬಾಡಿಗೆ ಇವು ಮರುಪಾವತಿಗೆ ಅರ್ಹವಾದ ವೆಚ್ಚಗಳು. ಪ್ರತಿ ಪ್ರವಾಸದ ಗರಿಷ್ಠ ಮಿತಿ ಹೀಗಿತ್ತು:

• ಲ್ಯಾಟಿನ್ ಅಮೆರಿಕದ ದೇಶಗಳು: 2,50,000 ರೂಪಾಯಿ
• ಆಫ್ರಿಕಾ, ಹಿಂದಿನ ಸೋವಿಯತ್ ಒಕ್ಕೂಟದ ದೇಶಗಳು ಮತ್ತು ಆಗ್ನೇಯ ಏಷ್ಯಾ: 2,00,000 ರೂಪಾಯಿ
• ಇತರ ಪ್ರದೇಶಗಳು: 1,50,000 ರೂಪಾಯಿ

ಉದಾಹರಣೆಗೆ, ಯುರೋಪಿನ ಮೇಳವೊಂದರಲ್ಲಿ ರಫ್ತುದಾರನ ಅರ್ಹ ವೆಚ್ಚ 2,40,000 ರೂಪಾಯಿ ಆಗಿದ್ದರೆ, 1,50,000 ರೂಪಾಯಿಗೆ ಮಿಕ್ಕಿದ ಮೊತ್ತವನ್ನು ಆತನೇ ಭರಿಸಬೇಕಾಗುತ್ತಿತ್ತು. ಊಟ, ವಸತಿ, ಮಾದರಿ ಸರಕಿನ ಸಾಗಣೆ ಇತ್ಯಾದಿ ಖರ್ಚುಗಳು ಈ ಲೆಕ್ಕಕ್ಕೆ ಸೇರುತ್ತಿರಲಿಲ್ಲ.

ಮೇಳದಿಂದ ಹಿಂದಿರುಗಿದ ಬಳಿಕ ವಿಮಾನದ ಟಿಕೆಟ್, ಪ್ರವೇಶದ ಮುದ್ರೆಯಿರುವ ಪಾಸ್‌ಪೋರ್ಟ್ ಪುಟಗಳ ಪ್ರತಿ, ಮಳಿಗೆ ಬಾಡಿಗೆಯ ರಸೀದಿ ಮತ್ತು ಹಣ ಪಾವತಿಯ ಬ್ಯಾಂಕ್ ದಾಖಲೆಗಳೊಂದಿಗೆ ಮರುಪಾವತಿಯ ಕೋರಿಕೆ ಸಲ್ಲಿಸಬೇಕು. ಇದೇ ಪ್ರವಾಸಕ್ಕೆ ಬೇರೆ ಯಾವ ಸರ್ಕಾರಿ ಮೂಲದಿಂದಲೂ ನೆರವು ಪಡೆದಿಲ್ಲವೆಂಬ ಘೋಷಣೆಯೂ ಅಗತ್ಯ. ಟಿಕೆಟ್, ರಸೀದಿ ಮತ್ತು ಅರ್ಜಿಗಳಲ್ಲಿರುವ ಹೆಸರುಗಳು ಹೊಂದಾಣಿಕೆಯಾಗಬೇಕು. ಪೂರ್ವಾನುಮತಿಯಿಲ್ಲದೆ ಹೋಗಿಬಂದು ಆಮೇಲೆ ಹಣ ಕೇಳಲು ಈ ವ್ಯವಸ್ಥೆಯಲ್ಲಿ ಆಸ್ಪದವಿಲ್ಲ.

ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳು

ರಫ್ತಿನ ಪ್ರಮಾಣವನ್ನೇ ಆಧಾರವಾಗಿಟ್ಟುಕೊಂಡು ನೀಡುವ ಸಹಾಯಧನವನ್ನು ವಿಶ್ವ ವ್ಯಾಪಾರ ಸಂಸ್ಥೆಯ ಸಹಾಯಧನ ಒಪ್ಪಂದದ 3ನೆಯ ವಿಧಿಯು ನಿಷೇಧಿಸುತ್ತದೆ. ತಲಾ ರಾಷ್ಟ್ರೀಯ ಉತ್ಪನ್ನವು 1,000 ಡಾಲರ್‌ಗಿಂತ ಕಡಿಮೆಯಿರುವ ಕೆಲವು ದೇಶಗಳಿಗೆ ಇದರಿಂದ ವಿನಾಯಿತಿಯಿತ್ತು, ಭಾರತವು ಆ ಮಿತಿಯನ್ನು ದಾಟಿತು. 2018ರಲ್ಲಿ ಅಮೆರಿಕವು ಭಾರತದ ಹಲವು ರಫ್ತು ಯೋಜನೆಗಳನ್ನು ಪ್ರಶ್ನಿಸಿತು. 2019ರ ಅಕ್ಟೋಬರ್ 31ರಂದು ವ್ಯಾಜ್ಯ ಮಂಡಳಿಯ ವರದಿ ಬಹುಮಟ್ಟಿಗೆ ಭಾರತದ ವಿರುದ್ಧ ಬಂದಿತು. ಭಾರತ ಮೇಲ್ಮನವಿ ಸಲ್ಲಿಸಿತು. ಪ್ರಶ್ನಿತ ಯೋಜನೆಗಳಲ್ಲಿ ಎಂಎಐ ಸೇರಿರಲಿಲ್ಲ. ಸರಕು ರಫ್ತು ಪ್ರೋತ್ಸಾಹಕ ಯೋಜನೆಯ ಸ್ಥಾನದಲ್ಲಿ, ರಫ್ತು ಸರಕಿನ ಮೇಲೆ ಬಿದ್ದ ತೆರಿಗೆಗಳನ್ನು ಹಿಂದಿರುಗಿಸುವ ಯೋಜನೆಯು 2021ರ ಜನವರಿ 1ರಿಂದ ಜಾರಿಗೆ ಬಂದಿತು.

ಕರ್ನಾಟಕದಲ್ಲಿ

ಭಾರತದ ಕಾಫಿ ಉತ್ಪಾದನೆಯ ಮೂರನೆಯ ಎರಡು ಭಾಗಕ್ಕೂ ಹೆಚ್ಚು ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಿಂದ ಬರುತ್ತದೆ ಮತ್ತು ದೇಶದ ಕಾಫಿಯ ಬಹುಪಾಲು ರಫ್ತಾಗುತ್ತದೆ. ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ತಳಿಗಳಿಗೆ 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ದೊರೆಯಿತು. ಇಂತಹ ಮಾನ್ಯತೆಯು ವಿದೇಶೀ ಗ್ರಾಹಕನಿಗೆ ತಿಳಿದಾಗ ಮಾತ್ರ ಬೆಳೆಗಾರನಿಗೆ ಹೆಚ್ಚಿನ ಬೆಲೆ ತರಬಲ್ಲದಾದ್ದರಿಂದ, ಪ್ರಚಾರದ ನೆರವು ಇಲ್ಲಿ ಮುಖ್ಯವಾಗುತ್ತದೆ. ಚನ್ನಪಟ್ಟಣದ ಗೊಂಬೆ, ಬ್ಯಾಡಗಿ ಮೆಣಸಿನಕಾಯಿ ಮತ್ತು ಮೈಸೂರು ರೇಷ್ಮೆಗಳಿಗೂ ಈ ಮಾತು ಅನ್ವಯಿಸುತ್ತದೆ.

ರಾಜ್ಯ ಸರ್ಕಾರದ ಪರವಾಗಿ ರಫ್ತು ಉತ್ತೇಜನದ ಹೊಣೆ ಹೊತ್ತಿರುವ ಸಂಸ್ಥೆ ಬೆಂಗಳೂರಿನ ವಿಶ್ವೇಶ್ವರಯ್ಯ ವಾಣಿಜ್ಯ ಉತ್ತೇಜನ ಕೇಂದ್ರ. ಕೃಷಿ ಉತ್ಪನ್ನಗಳ ಸಂಸ್ಕರಣೆ ಮತ್ತು ರಫ್ತಿಗಾಗಿ ಕೆಪೆಕ್ ಎಂಬ ನಿಗಮವಿದೆ. ಜಿಲ್ಲಾ ಕೈಗಾರಿಕಾ ಕೇಂದ್ರಗಳು ಪ್ರಾಥಮಿಕ ಮಾಹಿತಿ ನೀಡುತ್ತವೆ.

ಇತರ ದೇಶಗಳಲ್ಲಿ

ಅಮೆರಿಕದ ಕೃಷಿ ಇಲಾಖೆಯು ಮಾರುಕಟ್ಟೆ ಪ್ರವೇಶ ಕಾರ್ಯಕ್ರಮ ಎಂಬ ಹೆಸರಿನಲ್ಲಿ ಕೃಷಿ ಉತ್ಪನ್ನಗಳ ವಿದೇಶೀ ಪ್ರಚಾರಕ್ಕೆ ನೆರವಾಗುತ್ತದೆ. ಮೊದಲು ದೊಡ್ಡ ಕಂಪನಿಗಳ ಬ್ರ್ಯಾಂಡ್ ಪ್ರಚಾರಕ್ಕೂ ಹಣ ಹೋಗುತ್ತಿದ್ದುದು ಟೀಕೆಗೆ ಗುರಿಯಾಯಿತು. ಅನಂತರ ಬ್ರ್ಯಾಂಡ್ ನೆರವನ್ನು ಸಣ್ಣ ಕಂಪನಿಗಳಿಗೂ ಸಹಕಾರ ಸಂಘಗಳಿಗೂ ಸೀಮಿತಗೊಳಿಸಲಾಯಿತು. ಆಸ್ಟ್ರೇಲಿಯಾದ ರಫ್ತು ಮಾರುಕಟ್ಟೆ ಅಭಿವೃದ್ಧಿ ಅನುದಾನವು 1974ರಿಂದ ನಡೆಯುತ್ತಿದೆ. ಬಹುಕಾಲ ಅದೂ ಮರುಪಾವತಿಯ ಯೋಜನೆಯಾಗಿತ್ತು. 2021ರ ಸುಧಾರಣೆಯ ಬಳಿಕ, ಖರ್ಚು ಮಾಡುವ ಮುನ್ನವೇ ಸಿಗಲಿರುವ ಮೊತ್ತವನ್ನು ಒಪ್ಪಂದದ ಮೂಲಕ ತಿಳಿಸುವ ಪದ್ಧತಿ ಬಂದಿತು.

ಮಿತಿಗಳು

ಮರುಪಾವತಿ ಪದ್ಧತಿಯಲ್ಲಿ ರಫ್ತುದಾರನು ಮೊದಲು ತನ್ನ ಹಣವನ್ನೇ ಹೂಡಬೇಕು. ಮೇಳದ ಸಂಘಟಕರು ಮಳಿಗೆಯ ಬಾಡಿಗೆಯನ್ನು ತಿಂಗಳುಗಳ ಮೊದಲೇ ಪಡೆಯುತ್ತಾರೆ, ಸರ್ಕಾರದ ಹಣ ಕೈಸೇರುವುದು ದಾಖಲೆಗಳ ಪರಿಶೀಲನೆಯ ನಂತರ. ಕೈಯಲ್ಲಿ ಬಂಡವಾಳವುಳ್ಳ ಸಂಸ್ಥೆಗೆ ಇದು ಕಷ್ಟವಲ್ಲ. ಆದರೆ ನೆರವು ಯಾರಿಗೆ ಹೆಚ್ಚು ಅಗತ್ಯವೋ ಅಂತಹ ಕುಶಲಕರ್ಮಿ ಮತ್ತು ಹೊಸ ರಫ್ತುದಾರನಿಗೆ ಇದೇ ದೊಡ್ಡ ಅಡಚಣೆ. ಸದಸ್ಯತ್ವದ ಅವಧಿ, ಹಿಂದಿನ ವಹಿವಾಟಿನ ದಾಖಲೆ ಮುಂತಾದ ಷರತ್ತುಗಳೂ ಮೊದಲ ಬಾರಿಗೆ ರಫ್ತು ಮಾಡುವವರನ್ನು ಹೊರಗಿಡುತ್ತವೆ. ಈ ಕೊರತೆಯನ್ನು ತುಂಬಲು ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಸಚಿವಾಲಯವು 2022ರಲ್ಲಿ, ಮೊದಲ ಬಾರಿಯ ಸೂಕ್ಷ್ಮ ಮತ್ತು ಸಣ್ಣ ರಫ್ತುದಾರರ ಮಂಡಳಿ ನೋಂದಣಿ ಶುಲ್ಕ, ರಫ್ತು ವಿಮೆಯ ಕಂತು ಮತ್ತು ಗುಣಮಟ್ಟ ಪ್ರಮಾಣಪತ್ರದ ವೆಚ್ಚಗಳನ್ನು ಭಾಗಶಃ ಮರಳಿಸುವ ಸೌಲಭ್ಯ ಕಲ್ಪಿಸಿತು.

ಪ್ರಸ್ತುತ ಸ್ಥಿತಿ

2025–26ರ ಕೇಂದ್ರ ಆಯವ್ಯಯದಲ್ಲಿ ಪ್ರಕಟವಾದ ರಫ್ತು ಉತ್ತೇಜನ ಮಿಷನ್‌ಗೆ 2025ರ ನವೆಂಬರ್ 12ರಂದು ಸಚಿವ ಸಂಪುಟದ ಒಪ್ಪಿಗೆ ದೊರೆಯಿತು. 2025–26ರಿಂದ 2030–31ರವರೆಗಿನ ಆರು ವರ್ಷಗಳಿಗೆ ಇದರ ಒಟ್ಟು ಮೊತ್ತ 25,060 ಕೋಟಿ ರೂಪಾಯಿ. ಇದಕ್ಕೂ ಮೊದಲು, ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕವು ಭಾರತದ ಅನೇಕ ಸರಕುಗಳ ಮೇಲೆ ಶೇಕಡಾ 50ರಷ್ಟು ಸುಂಕ ವಿಧಿಸಿತ್ತು. ಸುಂಕದ ಏರಿಕೆಯಿಂದ ಪೆಟ್ಟು ತಿಂದ ಜವಳಿ, ಚರ್ಮ, ಹರಳು ಮತ್ತು ಆಭರಣ, ಎಂಜಿನಿಯರಿಂಗ್ ಸರಕು ಹಾಗೂ ಸಾಗರೋತ್ಪನ್ನ ವಲಯಗಳಿಗೆ ಆದ್ಯತೆ ನೀಡುವುದಾಗಿ ಸರ್ಕಾರ ತಿಳಿಸಿತು.

ಮಿಷನ್‌ನಲ್ಲಿ ಎರಡು ಉಪಯೋಜನೆಗಳಿವೆ. ನಿರ್ಯಾತ್ ಪ್ರೋತ್ಸಾಹನ್ ಎಂಬುದು ಸಾಲ ಮತ್ತು ಬಡ್ಡಿ ಸಂಬಂಧಿತ ನೆರವಿಗೆ ಮೀಸಲು. ನಿರ್ಯಾತ್ ದಿಶಾ ಎಂಬುದರಲ್ಲಿ ಗುಣಮಟ್ಟದ ಪ್ರಮಾಣೀಕರಣ, ಬ್ರ್ಯಾಂಡ್ ಪ್ರಚಾರ, ಪ್ಯಾಕೇಜಿಂಗ್, ವ್ಯಾಪಾರ ಮೇಳ, ಉಗ್ರಾಣ ಮತ್ತು ಒಳನಾಡಿನ ಸಾಗಣೆಯ ನೆರವು ಸೇರಿವೆ. ಎಂಎಐ ನಿರ್ವಹಿಸುತ್ತಿದ್ದ ಕಾರ್ಯಗಳು ಎರಡನೆಯದರ ವ್ಯಾಪ್ತಿಗೆ ಬರುತ್ತವೆ. ಅನುಷ್ಠಾನದ ಹೊಣೆ ವಿದೇಶೀ ವ್ಯಾಪಾರ ಮಹಾನಿರ್ದೇಶನಾಲಯದ್ದಾಗಿದ್ದು, ಅರ್ಜಿಯಿಂದ ಹಣ ಬಿಡುಗಡೆಯವರೆಗಿನ ಎಲ್ಲ ಹಂತಗಳನ್ನೂ ಆನ್‌ಲೈನ್ ಮೂಲಕ ನಡೆಸಲು ಉದ್ದೇಶಿಸಲಾಗಿದೆ.