ಕೋವಿಯ ಕಿಡಿ, ಕೋವಿಯ ಸದ್ದು



ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿಯುವ ಹೆದ್ದಾರಿಯಲ್ಲಿ ಸುಂಟಿಕೊಪ್ಪವೆಂಬ ಊರಿದೆ. ಸುತ್ತಲೂ ಕಾಫಿಯ ತೋಟಗಳು. ಅವುಗಳ ನಡುವೆ ಒಂದಕ್ಕೊಂದು ದೂರವಾದ ಮನೆಗಳು. ಇಂತಹ ಮಲೆಯ ಸೀಮೆಯಲ್ಲಿ ವಾರ್ತೆಯನ್ನು ಮುಟ್ಟಿಸುವ ಕಾರ್ಯವು ಬಹುಕಾಲ ಕೋವಿಗೆ ಸೇರಿದ್ದಿತು. ಕೊಡವರ ಸಂಪ್ರದಾಯದಲ್ಲಿ ಗಂಡುಕೂಸು ಹುಟ್ಟಿದರೆ ಒಂದು ಗುಂಡು. ಮನೆಯಲ್ಲಿ ಸಾವಾದರೆ ಬೆನ್ನುಬೆನ್ನಿಗೆ ಎರಡು. ಎರಡನೆಯದು ಕಿವಿಗೆ ಬಿದ್ದೊಡನೆ ನೆರೆಯವರಿಗೆ ದುಃಖದ ಮನೆಯ ಕರೆ ಬಂದಂತೆಯೇ ಸರಿ. ಹುತ್ತರಿಯ ಹುಣ್ಣಿಮೆಯ ಇರುಳಿನಲ್ಲಿ ಕದಿರು ಕೊಯ್ಯುವಾಗಲೂ ಗುಂಡು ಹಾರುವುದುಂಟು. ಎದುರು ಗುಡ್ಡದಲ್ಲಿ ಕಿಡಿಯು ಮೊದಲು ಕಾಣುವುದು. ಸದ್ದು ತುಸು ತಡೆದು ಬರುವುದು. ಈ ನಡುವಣ ಮೌನವನ್ನು ಎಣಿಸಿದವರ ಕಥೆಯೇ ಈ ದಿನದ ನಮ್ಮ ಪ್ರಸ್ತಾಪ.

ಸದ್ದೆಂದರೇನು? ಮದ್ದು ಸಿಡಿದಾಗ ಕೋವಿಯ ಬಾಯಿಯ ಬಳಿಯ ಗಾಳಿಯು ಒಮ್ಮೆಲೇ ಒತ್ತಲ್ಪಡುವುದು. ಅದು ಪಕ್ಕದ ಗಾಳಿಯನ್ನು ಒತ್ತುವುದು. ಆ ಗಾಳಿಯು ಅದರಾಚೆಯದನ್ನು. ಹೀಗೆ ಒತ್ತಡವು ಅಲೆಯಾಗಿ ಮುನ್ನಡೆಯುವುದೇ ಹೊರತು ಗಾಳಿಯೇ ಗುಡ್ಡ ದಾಟಿ ಬರುವುದಿಲ್ಲ. ಬೆಳೆದ ಗದ್ದೆಯ ಮೇಲೆ ಅಲೆಯು ಬದುವಿನಿಂದ ಬದುವಿಗೆ ಓಡಿದರೂ ಪೈರು ಬೇರೂರಿದಲ್ಲಿಯೇ ನಿಂತಿರುವುದಿಲ್ಲವೆ? ಭೇದವಿಷ್ಟೆ: ಪೈರು ಬಾಗುವುದು, ಗಾಳಿಯ ಕಣವಾದರೋ ಅಲೆ ಸಾಗುವ ದಾರಿಯಲ್ಲಿಯೇ ಹಿಂದುಮುಂದಕ್ಕೆ ತುಯ್ಯುವುದು.

ಈ ಅಲೆಯ ವೇಗವನ್ನು ಅಳೆಯಲು ಯೂರೋಪಿನ ವಿದ್ವಾಂಸರು ಹಿಡಿದ ಸಾಧನವೂ ಕೋವಿಯೇ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಗ್ಯಾಸೆಂಡಿಯು ಫಿರಂಗಿಯ ಸದ್ದನ್ನೂ ಸಣ್ಣ ಬಂದೂಕದ ಸದ್ದನ್ನೂ ಹೋಲಿಸಿ, ಎರಡರ ವೇಗವೂ ಒಂದೇ ಎಂದು ಕಂಡನು. ೧೭೦೮ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಡೆರ್ಹಾಮನು, ದೂರದಲ್ಲಿ ಹಾರಿದ ಕೋವಿಗಳ ಕಿಡಿಯನ್ನು ತನ್ನ ಚರ್ಚಿನ ಗೋಪುರದಿಂದ ನೋಡಿ, ಸದ್ದು ಬರುವವರೆಗೆ ಕಾಲವನ್ನೆಣಿಸಿ, ಸೆಕೆಂಡಿಗೆ ೧೧೪೨ ಅಡಿ ಎಂಬ ಲೆಕ್ಕವನ್ನು ಪ್ರಕಟಿಸಿದನು. ಆದರೆ ಮಹಾಮತಿ ನ್ಯೂಟನ್ನನು ಗಣಿತದಿಂದ ಪಡೆದ ವೇಗವು, ಆತನ ಗ್ರಂಥದ ೧೭೧೩ರ ಆವೃತ್ತಿಯಂತೆ, ೯೭೯ ಅಡಿ ಮಾತ್ರ! ಸುಮಾರು ಏಳರಲ್ಲೊಂದು ಪಾಲು ಕೊರತೆ. ಅದನ್ನು ತುಂಬಲು ಆತನು ಹೇಳಿದ ಸಮಾಧಾನಗಳು ನಿಲ್ಲಲಿಲ್ಲ. ನೂರು ವರ್ಷಗಳ ತರುವಾಯ, ೧೮೧೬ರಲ್ಲಿ, ಫ್ರಾನ್ಸಿನ ಲಾಪ್ಲಾಸನು ತಪ್ಪನ್ನು ತೋರಿಸಿದನು: ಒತ್ತಲ್ಪಟ್ಟ ಗಾಳಿಯು ಬಿಸಿಯೇರುವುದು, ಅಲೆಯು ಅತಿ ಶೀಘ್ರವಾಗಿ ಸಾಗುವುದರಿಂದ ಆ ಬಿಸಿಗೆ ಹರಡಲು ಅವಕಾಶವಿಲ್ಲ, ಆದಕಾರಣ ಗಾಳಿಯು ಹೆಚ್ಚು ಬಿಗಿಯಾಗಿ ವರ್ತಿಸುವುದು, ಅಲೆಯು ಹೆಚ್ಚು ವೇಗದಿಂದ ಓಡುವುದು.

ಈ ಕಥೆಯಲ್ಲಿ ನಮ್ಮ ದಕ್ಷಿಣದೇಶಕ್ಕೂ ಪಾಲುಂಟು. ಮದರಾಸಿನ ವೀಕ್ಷಣಾಲಯದ ಜಾನ್ ಗೋಲ್ಡಿಂಗ್‌ಹ್ಯಾಮನು ೧೮೨೦-೨೧ರಲ್ಲಿ ಸೇಂಟ್ ಜಾರ್ಜ್ ಕೋಟೆಯ ಮತ್ತು ಸೇಂಟ್ ಥಾಮಸ್ ಬೆಟ್ಟದ ಫಿರಂಗಿಗಳಿಗೆ ಕಿವಿಗೊಟ್ಟು ಕುಳಿತನು. ಬೆಟ್ಟವು ಅಲ್ಲಿಂದ ಐದು ಮೈಲಿಗೂ ಮಿಗಿಲು ದೂರ. ಕಾಲದೊಡನೆ ಆಗಿನ ಉಷ್ಣ, ತೇವ, ಗಾಳಿಗಳನ್ನೂ ಬರೆದಿಟ್ಟು, ಋತು ಬದಲಾದಂತೆ ಸದ್ದಿನ ವೇಗವೂ ಬದಲಾಗುವುದೆಂದು ೧೮೨೩ರಲ್ಲಿ ಪ್ರಕಟಪಡಿಸಿದನು.

ಇಂದು ನಾವು ಬಲ್ಲಂತೆ, ಶೂನ್ಯ ಡಿಗ್ರಿ ಸೆಂಟಿಗ್ರೇಡಿನ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ೩೩೧ ಮೀಟರು ಸಾಗುವುದು. ೨೦ ಡಿಗ್ರಿಯಲ್ಲಿ ೩೪೩. ಕಿಡಿ ಕಂಡೊಡನೆ ಎಣಿಸತೊಡಗಿ, ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಕಿಲೋಮೀಟರುಗಳಲ್ಲಿ ದೂರ ದೊರೆಯುವುದು. ಸಿಡಿಲಿಗೂ ಇದೇ ಲೆಕ್ಕ. ಚಳಿಯ ಮುಂಜಾನೆ ದೂರದ ಸದ್ದು ಹತ್ತಿರದಲ್ಲಿಯೇ ಆದಂತೆ ಕೇಳುವುದಕ್ಕೂ ಕಾರಣ ಇಲ್ಲಿಯೇ ಇದೆ. ಆಗ ಕಣಿವೆಯ ತಳದಲ್ಲಿ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯದು. ಮೇಲಿನ ಅಲೆಯು ಬೇಗನೆ ಓಡಿ ನೆಲದ ಕಡೆಗೆ ಬಾಗುವುದು. ಆಗಸಕ್ಕೆ ಹೋಗಿಬಿಡಬೇಕಾಗಿದ್ದ ಸದ್ದು ಕಣಿವೆಗೇ ಮರಳುವುದು.

ಕಡೆಯದಾಗಿ ಒಂದು ಮಾತು. ಬೆಟ್ಟಕ್ಕೆ ತಾಗಿದ ಅಲೆಯು ಮರುದನಿಯಾಗುವುದು. ಅದರ ಸುತ್ತುದಾರಿಯು ನೇರದಾರಿಗಿಂತ ೩೪೦ ಮೀಟರು ಹೆಚ್ಚಾದರೆ ಅದು ಒಂದು ಸೆಕೆಂಡು ಹಿಂದೆ ಬರುವುದು. ಹುಟ್ಟಿಗೆ ಒಂದು ಗುಂಡು, ಸಾವಿಗೆ ಎರಡು ಎಂಬ ನಾಡಿನಲ್ಲಿ ಈ ಸೆಕೆಂಡು ಅಲ್ಪವಲ್ಲ. ಅವಸರದ ಕಿವಿಯು ಮರುದನಿಯನ್ನು ಎರಡನೆಯ ಗುಂಡೆಂದು ಬಗೆದರೆ, ತೊಟ್ಟಿಲ ವಾರ್ತೆಯೇ ಮಸಣದ ವಾರ್ತೆಯಾದೀತು. ಮರುದನಿಯು ಸಾಮಾನ್ಯವಾಗಿ ಮೆತ್ತಗೆ, ಅಂಚು ಕರಗಿ ಬರುವುದು. ಕೋವಿಯ ನೇರವಾದ ಸದ್ದಿಗೆ ಮೊನೆಯುಂಟು. ಇದನ್ನು ವಿವೇಚಿಸಬಲ್ಲ ಕಿವಿಯೂ, ಮದರಾಸಿನಲ್ಲಿ ಫಿರಂಗಿಗೆ ಕಾದು ಕುಳಿತ ಕಿವಿಯೂ ಮಾಡಿದ ಕೆಲಸ ಒಂದೇ: ಕೇಳಿದೊಡನೆ ನಿಶ್ಚಯಿಸದೆ, ತಾಳ್ಮೆಯಿಂದ ಎಣಿಸಿ ತಿಳಿಯುವುದು.