ವಾಹನದೊಳಗಿನ ವಾಸನೆಯ ಮೂಲಶೋಧ

ಮುಚ್ಚಿದ ವಾಹನದೊಳಗೆ ಕಾರಣ ತಿಳಿಯದೆ ಎದ್ದು, ತೊಳೆದರೂ ಹೋಗದೆ ಉಳಿಯುವ ನಾತ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ತೆಗೆಯುವ ಕ್ರಮ. ಕಾರು, ಟಿಟಿ ಎಂದು ಕರೆಯುವ ಟೆಂಪೊ ಟ್ರಾವೆಲರ್, ಅಡುಗೆಕಟ್ಟೆ ಮತ್ತು ಶೌಚಾಲಯವಿರುವ ಕ್ಯಾರವಾನ್ ಮೂರಕ್ಕೂ ಇದು ಅನ್ವಯಿಸುತ್ತದೆ. ಇಲ್ಲಿನ ವಿವರಣೆಗೆ ಪಶ್ಚಿಮ ಬೆಂಗಳೂರಿನ ನಾಗರಬಾವಿ ನೆಲೆ. ಈ ಬಡಾವಣೆಯಲ್ಲಿ ಅನೇಕ ವಾಹನಗಳು ಹಗಲಿರುಳು ಬೀದಿಬದಿಯ ಮರದಡಿಯಲ್ಲೇ ನಿಲ್ಲುತ್ತವೆ. ಹತ್ತಿರದಲ್ಲಿ ಮಲ್ಲತ್ತಹಳ್ಳಿ ಕೆರೆ ಮತ್ತು ಜ್ಞಾನಭಾರತಿ ಆವರಣ. ದಕ್ಷಿಣಕ್ಕೆ ಮೈಸೂರು ರಸ್ತೆಯ ಜೊತೆಜೊತೆಗೆ ಹರಿಯುವ ವೃಷಭಾವತಿ. ಮರ, ಮಳೆ, ಇಲಿ, ಕೊಳಚೆ ನೀರು ನಾಲ್ಕರ ಪಾಲೂ ಇಲ್ಲಿನ ವಾಹನಗಳ ವಾಸನೆಯಲ್ಲಿ ಇರುತ್ತದೆ.

ಹುಡುಕುವ ಉಪಕರಣ ಮೂಗೇ. ಮನುಷ್ಯನ ಮೂಗಿನಲ್ಲಿ ಸುಮಾರು 400 ಬಗೆಯ ವಾಸನಾಗ್ರಾಹಿಗಳಿವೆ. ಇವುಗಳ ವಂಶವಾಹಿಗಳನ್ನು 1991ರಲ್ಲಿ ಗುರುತಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಪ್ರಶಸ್ತಿ ಸಂದಿತು. ಇಷ್ಟು ಸೂಕ್ಷ್ಮವಾದ ಮೂಗು ಬೇಗ ದಣಿಯುತ್ತದೆ. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಕುಳಿತರೆ ಅದು ಗೊತ್ತಾಗುವುದೇ ನಿಲ್ಲುತ್ತದೆ. ದಿನವೂ ಅದೇ ಗಾಡಿ ಓಡಿಸುವವರಿಗೆ ತಿಳಿಯದ ನಾತ, ಊರಿಂದ ಬಂದ ನೆಂಟರಿಗೆ ಬಾಗಿಲು ತೆಗೆದೊಡನೆ ತಿಳಿಯುವುದು ಇದರಿಂದಲೇ. ಜೊತೆಗೆ ಬ್ಲೋವರ್ ಗಾಳಿ ವಾಸನೆಯನ್ನು ಗಾಡಿಯ ತುಂಬ ಹೊತ್ತೊಯ್ಯುವುದರಿಂದ, ಅದು ಹೆಚ್ಚಾಗಿ ಹೊಡೆಯುವ ಜಾಗವೇ ಅದರ ಮೂಲವಾಗಿರಬೇಕಿಲ್ಲ. ಆದ್ದರಿಂದ ವಾಸನೆ ಎಲ್ಲಿ ಎಂದು ಕೇಳುವುದಕ್ಕಿಂತ ಯಾವಾಗ ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ.

ಅದಕ್ಕೂ ಮೊದಲು ಅಪಾಯದ ವಾಸನೆಗಳನ್ನು ತಳ್ಳಿಹಾಕಬೇಕು. ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ; ಸೋರಿದ್ದು ತಿಳಿಯಲೆಂದೇ ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಗಾಳಿಗಿಂತ ಭಾರವಾದ ಈ ಅನಿಲ ನೆಲಮಟ್ಟದಲ್ಲಿ ಮಡುಗಟ್ಟುತ್ತದೆ. ಗಾಳಿಯಲ್ಲಿ ಶೇ. 2ರಷ್ಟು ಬೆರೆತರೆ ಒಂದು ಕಿಡಿ ಸಾಕು. ಇಂಥ ವಾಸನೆ ಬಂದಾಗ ಸ್ವಿಚ್ ಮುಟ್ಟದೆ, ಗಾಡಿ ಚಾಲೂ ಮಾಡದೆ, ಸಿಲಿಂಡರ್ ಮುಚ್ಚಿ, ಬಾಗಿಲು ತೆರೆದು ದೂರ ಹೋಗಬೇಕು. ಕೊಳೆತ ಮೊಟ್ಟೆಯ ವಾಸನೆಗೆ ಅತಿಯಾಗಿ ಚಾರ್ಜ್ ಆದ ಬ್ಯಾಟರಿಯೂ ಕಾರಣವಾಗಬಹುದು. ಆಗ ಹೊರಬರುವುದು ಹೈಡ್ರೋಜನ್ ಸಲ್ಫೈಡ್. ಈ ಅನಿಲ ಹೆಚ್ಚಾದರೆ ಮೂಗನ್ನೇ ಮರಗಟ್ಟಿಸುತ್ತದೆ. ಹೀಗಾಗಿ ವಾಸನೆ ತಾನಾಗಿ ನಿಂತಿತೆಂದು ಸಮಾಧಾನಪಡುವಂತಿಲ್ಲ. ಮೀನಿನಂಥ ವಾಸನೆ ಬಂದು ಗಾಡಿಯಲ್ಲಿ ಮೀನು ತಂದ ನೆನಪಿಲ್ಲದಿದ್ದರೆ, ಬಿಸಿಯಾಗಿ ಕರಗುತ್ತಿರುವ ಪ್ಲಗ್ಗನ್ನೋ ವೈರನ್ನೋ ಹುಡುಕಬೇಕು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗಂತೂ ವಾಸನೆಯೇ ಇಲ್ಲ. ಮಲಗುವ ವಾಹನದಲ್ಲಿ ಅದಕ್ಕೆ ಅಲಾರಂ ಬೇಕೇ ಬೇಕು.

ಇನ್ನು ಹೊತ್ತಿನ ಲೆಕ್ಕ. ಎಸಿ ಹಾಕಿದ ಮೊದಲ ನಿಮಿಷದಲ್ಲಿ ಬಂದು ಹೋಗುವ ಮುಗ್ಗಲು ವಾಸನೆ ಕೂಲಿಂಗ್ ಕಾಯಿಲ್ ಮೇಲೆ ಬೆಳೆದ ಬೂಷ್ಟಿನದು. ಎಂಜಿನ್ ಬಿಸಿಯಾದ ಮೇಲೆ ಬರುವ ಸಿಹಿ ವಾಸನೆ ಕೂಲಂಟ್ ಸೋರಿಕೆಯದು. ಇಳಿಜಾರು ಇಳಿದ ಮೇಲೆ ಬರುವ ಸುಟ್ಟ ವಾಸನೆ ಬ್ರೇಕಿನದು. ಬಿಸಿಲಲ್ಲಿ ನಿಂತಾಗ ಮಾತ್ರ ಏಳುವುದು ಸೀಟು ಅಥವಾ ಮ್ಯಾಟು ಹೀರಿಕೊಂಡದ್ದರದು. ಮಳೆಯ ಮರುದಿನ ಏಳುವುದು ನೀರು ಒಳಬಂದದ್ದರದು. ನಾಗರಬಾವಿಯ ಮಟ್ಟಿಗೆ ಈ ಕೊನೆಯದೇ ಮುಖ್ಯ.

ವೈಪರ್ ಕಡ್ಡಿಗಳ ಕೆಳಗೆ, ಬಾನೆಟ್ಟಿಗೂ ಮುಂದಿನ ಗಾಜಿಗೂ ನಡುವೆ ಒಂದು ಕಾಲುವೆಯಿದೆ. ಗಾಜಿನ ಮೇಲಿಂದ ಇಳಿದ ನೀರು ಅದರ ಎರಡು ತುದಿಯ ತೂತುಗಳಿಂದ ನೆಲಕ್ಕೆ ಹೋಗಬೇಕು. ಹೊಂಗೆ ಎಲೆ, ಗುಲ್‌ಮೊಹರಿನ ಸಣ್ಣ ಎಸಳು, ಉದುರಿದ ಹೂವು ಸೇರಿ ತೂತು ಕಟ್ಟಿದರೆ ನೀರು ಅಲ್ಲೇ ತುಂಬಿ, ಬ್ಲೋವರ್ ಗಾಳಿ ಎಳೆದುಕೊಳ್ಳುವ ಬಾಯಿಯ ಮೂಲಕ ಒಳಗೆ ನುಗ್ಗುತ್ತದೆ. ಮುಂದಿನ ಸೀಟಿನ ಕಾಲಡಿಯ ಮ್ಯಾಟು ಮೇಲೆ ಒಣಗಿದ್ದರೂ ಅದರಡಿಯ ಸ್ಪಂಜು ವಾರಗಟ್ಟಲೆ ಒದ್ದೆಯಾಗಿ ಉಳಿಯುತ್ತದೆ. ಎಸಿ ನೀರು ಹೊರಹೋಗುವ ರಬ್ಬರ್ ಪೈಪು ಕಟ್ಟಿದರೂ ಆಗುವುದು ಇದೇ. ಹಿಂದೆ ಡಿಕ್ಕಿಯ ಸ್ಟೆಪ್ನಿ ಗುಂಡಿಯನ್ನು ತೆರೆದು ನೋಡುವವರು ಕಡಿಮೆ. ಡಿಕ್ಕಿ ಬಾಗಿಲಿನ ರಬ್ಬರ್ ಸೀಳಿದ್ದರೆ ಅಲ್ಲಿ ನೀರು ನಿಂತಿರುತ್ತದೆ. ಬೆಂಗಳೂರಿನಲ್ಲಿ ಮಳೆ ಹೆಚ್ಚುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅದಕ್ಕೆ ಮುನ್ನ ಎಲೆ ಬಳಿದು ತೆಗೆದರೆ ಅರ್ಧ ಕೆಲಸ ಮುಗಿದಂತೆ.

ಅದೇ ದಿನಗಳಲ್ಲಿ ಆಯುಧಪೂಜೆಯೂ ಬರುತ್ತದೆ. ಡ್ಯಾಶ್‌ಬೋರ್ಡಿನ ಹಾರದಿಂದ ಉದುರಿದ ಹೂವು ಗಾಜಿನಡಿಯ ಗಾಳಿಕಿಂಡಿಗೆ ಬಿದ್ದು ಕೊಳೆಯುತ್ತದೆ. ಪ್ರಸಾದದ ತೆಂಗಿನಕಾಯಿ ಚೂರು ಸೀಟಿನ ಹಳಿಯ ಸಂದಿಗೆ ಸೇರಿ ಕಮಟು ಹಿಡಿಯುತ್ತದೆ. ಅಂಗಡಿಯಿಂದ ತಂದ ದೋಸೆಹಿಟ್ಟಿನ ಪೊಟ್ಟಣ ಉಬ್ಬಿ ಒಡೆಯುವುದುಂಟು. ಚೆಲ್ಲಿದ ಹಾಲು ಎಲ್ಲಕ್ಕಿಂತ ಹಠಮಾರಿ. ಅದರ ಕೊಬ್ಬು ಒಡೆದು ಹುಟ್ಟುವ ಬ್ಯುಟಿರಿಕ್ ಆಮ್ಲದ ವಾಸನೆ ಸೋಪುನೀರಿಗೆ ಬಗ್ಗದು. ಕೊಬ್ಬು ಮತ್ತು ಪ್ರೋಟೀನನ್ನು ಒಡೆಯುವ ಎಂಜೈಮ್ ದ್ರಾವಣ ಬೇಕು. ಮೀನಿನ ನೀರು ಸುರಿದಿದ್ದರೆ ಉಪಾಯ ಸುಲಭ. ಆ ವಾಸನೆಯ ಟ್ರೈಮೀಥೈಲಮೀನ್ ಕ್ಷಾರವಾದ್ದರಿಂದ ನಿಂಬೆರಸ, ವಿನೆಗರ್ ಅದನ್ನು ಅಡಗಿಸುತ್ತವೆ.

ಇಲಿಯ ವಿಷಯ ಬೇರೆ. ಚಳಿಯ ರಾತ್ರಿ ಎಂಜಿನ್ನಿನ ಬಿಸಿಗೆ ಬಂದು, ವೈರು ಕಡಿದು, ಫಿಲ್ಟರ್ ಗೂಡಿನಲ್ಲಿ ಬಟ್ಟೆಚೂರು ಪೇರಿಸುತ್ತದೆ. ಒಳಗೇ ಸತ್ತರೆ ಪುಟ್ರೆಸಿನ್, ಕಡಾವೆರಿನ್ ಎಂಬ ರಾಸಾಯನಿಕಗಳ ನಾತ ವಾರಗಳ ಕಾಲ ಬಿಡುವುದಿಲ್ಲ. ಇಲ್ಲಿ ಮೂಗಿಗಿಂತ ನೊಣವನ್ನು ನಂಬುವುದು ಮೇಲು. ನಿಂತ ಗಾಡಿಯ ಯಾವ ಸಂದಿಗೆ ಹಸಿರು ನೊಣ ಮತ್ತೆ ಮತ್ತೆ ಮುತ್ತುತ್ತದೋ ಅಲ್ಲಿಂದ ಬಿಚ್ಚಲು ತೊಡಗಬೇಕು. ಇಲಿಪಾಷಾಣ ಇಡುವುದನ್ನು ಈ ಲೇಖಕ ಒಪ್ಪುವುದಿಲ್ಲ. ಪಾಷಾಣ ತಿಂದ ಇಲಿ ಕೈಗೆಟುಕದ ಸಂದಿಯಲ್ಲಿ ಹೋಗಿ ಸಾಯಬಹುದು.

ಕೆಲವೊಮ್ಮೆ ನಾತ ಗಾಡಿಯದ್ದೇ ಅಲ್ಲ. ಕೆಂಗೇರಿ ಕಡೆ ಹೋಗುವಾಗ ಕೊಳಚೆ ತುಂಬಿದ ವೃಷಭಾವತಿಯ ಹೈಡ್ರೋಜನ್ ಸಲ್ಫೈಡ್ ಹೊರಗಾಳಿಯ ಜೊತೆ ಒಳಗೆ ಬರುತ್ತದೆ. ಹೊರಗಾಳಿ ನಿಲ್ಲಿಸುವ ಗುಂಡಿ ಒತ್ತಿದಾಗ ತಗ್ಗಿದರೆ ಮೂಲ ಹೊರಗಿದೆ, ಹೆಚ್ಚಿದರೆ ಒಳಗಿದೆ. ಖರ್ಚಿಲ್ಲದ ಇಷ್ಟು ಒಳ್ಳೆಯ ಪರೀಕ್ಷೆ ಮತ್ತೊಂದಿಲ್ಲ.

ಕ್ಯಾರವಾನಿನಲ್ಲಿ ಮನೆಯ ಕಾಯಿಲೆಗಳೂ ಸೇರುತ್ತವೆ. ಸಿಂಕಿನಡಿಯ ಬಾಗಿದ ಪೈಪಿನಲ್ಲಿ ನಿಂತ ನೀರೇ ಟ್ಯಾಂಕಿನ ಗಾಳಿಯನ್ನು ತಡೆಯುವ ಬೀಗ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಆ ನೀರು ಆರಿ ನಾತ ನೇರವಾಗಿ ಒಳಬರುತ್ತದೆ. ಒಂದು ಚೊಂಬು ನೀರು ಸುರಿದರೆ ಸರಿಹೋಗುತ್ತದೆ. ಕಿಟಕಿ ಮುಚ್ಚಿ ಚಾವಣಿಯ ಫ್ಯಾನ್ ಹಾಕಿದರೆ ಅದು ಶೌಚದ ಟ್ಯಾಂಕಿನಿಂದಲೇ ಗಾಳಿ ಎಳೆಯುತ್ತದೆ. ಹೊಸ ವಾಹನದ ವಾಸನೆಯನ್ನೂ ಹಗುರವಾಗಿ ಕಾಣಬಾರದು. ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದ ನಂತರ ಮನೆ ಕಳೆದುಕೊಂಡವರಿಗೆ ಸರ್ಕಾರ ಕೊಟ್ಟ ಟ್ರೈಲರ್ ಮತ್ತು ಚಲಿಸುವ ಮನೆಗಳಲ್ಲಿ ಕಣ್ಣುರಿ, ಕೆಮ್ಮಿನ ದೂರುಗಳು ಬಂದವು. 519 ಘಟಕಗಳನ್ನು ಪರೀಕ್ಷಿಸಿದಾಗ ಗಾಳಿಯಲ್ಲಿ ಸರಾಸರಿ ಶತಕೋಟಿಗೆ 77 ಭಾಗದಷ್ಟು ಫಾರ್ಮಾಲ್ಡಿಹೈಡ್ ಕಂಡಿತು. ಅದು ಮುಖ್ಯವಾಗಿ ಪ್ಲೈವುಡ್ಡಿನಂಥ ಹಲಗೆಗಳ ಅಂಟಿನಿಂದ ಹೊಮ್ಮುವ ಅನಿಲ.

ಮೂಲ ಸಿಗುವ ತನಕ ಸುಗಂಧದ ಡಬ್ಬಿ, ಕರ್ಪೂರ ಯಾವುದನ್ನೂ ಗಾಡಿಯಲ್ಲಿ ಇಡಬಾರದು; ಅವು ಇರುವ ಸುಳಿವನ್ನೂ ಮರೆಸುತ್ತವೆ. ಮೂಲ ತೆಗೆದ ಮೇಲೆ ಮ್ಯಾಟು ಎತ್ತಿ ಅಡಿಯ ಸ್ಪಂಜನ್ನು ಪೂರ್ತಿ ಒಣಗಿಸಿ, ಗಾಜು ಏರಿಸಿ ಮಧ್ಯಾಹ್ನದ ಬಿಸಿಲಲ್ಲಿ ಎರಡು ಮೂರು ಗಂಟೆ ನಿಲ್ಲಿಸಬೇಕು. ಆಮೇಲೆ ಬಾಗಿಲು ತೆರೆದು ಮೊದಲ ಉಸಿರು ಎಳೆಯಬೇಕಾದದ್ದು ಆ ಗಾಡಿಯಲ್ಲಿ ಹಿಂದೆಂದೂ ಕೂರದವರು.