ಇಂಜಿನ್ ಕುದಿಯುತ್ತೆ, ಡ್ರೈವರ್ ಬೇಯ್ತಾನೆ

ರೇಸ್ ಕಾರು ಅಂದ ತಕ್ಷಣ ಎಲ್ಲರೂ ಮಾತಾಡೋದು ವೇಗದ ಬಗ್ಗೆ. ನನಗೆ ಮಾತ್ರ ಅದರ ಬಿಸಿಯ ಬಗ್ಗೆಯೇ ಹೆಚ್ಚು ಕುತೂಹಲ. ಇಂಧನದಲ್ಲಿರುವ ಶಕ್ತಿಯಲ್ಲಿ ಹಳೇ ಕಾಲದ ಇಂಜಿನ್ನುಗಳು ಚಕ್ರಕ್ಕೆ ತಲುಪಿಸುತ್ತಿದ್ದದ್ದು ಸಣ್ಣ ಪಾಲು. ಉಳಿದದ್ದೆಲ್ಲ ಬಿಸಿಯೇ. ಅದು ಎಕ್ಸಾಸ್ಟಿನಿಂದಲೋ ರೇಡಿಯೇಟರಿನಿಂದಲೋ ಹೊರಗೆ ಹೋಗಬೇಕು. ಸರಿ, ಹೊರಗಿನ ಗಾಳಿಯೇ ಕಾದ ಹೆಂಚಿನ ಹಾಗಿದ್ದರೆ?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗೋದು 1955ರ ಜನವರಿ 16, ಅರ್ಜೆಂಟೀನಾದ ಬ್ಯೂನಸ್ ಐರಿಸ್. ನಮ್ಮಲ್ಲಿ ಆಗ ಸಂಕ್ರಾಂತಿಯ ಚಳಿ. ಭೂಮಧ್ಯರೇಖೆಯ ಆ ಕಡೆ ಇರುವ ಅವರಿಗೆ ಅದೇ ನಡುಬೇಸಿಗೆ. ಅವತ್ತು ಅಲ್ಲಿ ಫಾರ್ಮುಲಾ ಒನ್ ರೇಸು. ಟ್ರ್ಯಾಕಿನ ಮೇಲ್ಮೈ ಬಿಸಿ 50 ಡಿಗ್ರಿ ದಾಟಿತ್ತು. ಓಡಿಸಬೇಕಾದದ್ದು 96 ಸುತ್ತು, ಹತ್ತಿರ ಹತ್ತಿರ 375 ಕಿಲೋಮೀಟರು.

ಮರ್ಸಿಡಿಸ್ ತಂಡದವರು ತಂದಿದ್ದು ಡಬ್ಲ್ಯು 196 ಅನ್ನೋ ಕಾರು. ಎರಡೂವರೆ ಲೀಟರಿನ, ಎಂಟು ಸಿಲಿಂಡರಿನ ಇಂಜಿನ್ನು. ಆ ಕಾಲಕ್ಕೆ ಅದ್ಭುತ ಯಂತ್ರ, ಅನುಮಾನವೇ ಇಲ್ಲ. ಆದ್ರೆ ಡ್ರೈವರ್ ಎಲ್ಲಿ ಕೂರಬೇಕಿತ್ತು ನೋಡಿ. ಇಂಜಿನ್ನಿನ ಬೆನ್ನಿಗೆ! ಕಾಲುಗಳನ್ನು ಅಗಲಿಸಿ, ನಡುವೆ ಯಂತ್ರಭಾಗ ಹಾದುಹೋಗುವಂತೆ ಕೂರಬೇಕು. ಇಂಜಿನ್ನನ್ನು ತಣ್ಣಗೆ ಮಾಡಿದ ಗಾಳಿ ಬಿಸಿಯಾಗಿ ಹಿಂದಕ್ಕೆ ಬರುತ್ತೆ. ಹಿಂದೆ ಇರೋದು ಯಾರು? ಇವನೇ.

ಯಂತ್ರಗಳೂ ಅವತ್ತು ಸುಖವಾಗೇನೂ ಇರಲಿಲ್ಲ. ಬಿಸಿಗಾಳಿ ತೆಳು. ಸಿಲಿಂಡರಿನೊಳಗೆ ಹೋಗುವ ಆಮ್ಲಜನಕ ಕಮ್ಮಿ, ಹಾಗಾಗಿ ಶಕ್ತಿಯೂ ಕಮ್ಮಿ. ಇನ್ನೊಂದು ಕಾಟ ವೇಪರ್ ಲಾಕ್. ಅಂದ್ರೆ ಇಂಧನ ಪೈಪಿನಲ್ಲೇ ಕುದಿದು ಆವಿಯಾಗಿ ಗುಳ್ಳೆ ಕಟ್ಟುತ್ತೆ, ಪಂಪು ಎಷ್ಟು ಹೊಡೆದುಕೊಂಡರೂ ಮುಂದಕ್ಕೆ ಇಂಧನ ಹೋಗಲ್ಲ. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಬಾನೆಟ್ ಎತ್ತಿ ಪೆಟ್ರೋಲ್ ಪಂಪಿಗೆ ಒದ್ದೆಬಟ್ಟೆ ಸುತ್ತುತ್ತಿದ್ದ ಹಳೇ ಡ್ರೈವರುಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್ ಓಡಿಸುತ್ತಿದ್ದ ಮರ್ಸಿಡಿಸ್ ನಿಂತಿದ್ದು ಇದರಿಂದಲೇ. ಅವರು ಇಳಿದು ಟ್ರ್ಯಾಕಿನ ಪಕ್ಕ ಮಲಗಿದರು. ಬಿಸಿಲಿಗೆ ಬಿದ್ದಿದ್ದಾರೆ ಅಂದುಕೊಂಡು ಅಲ್ಲಿನವರು ಆಂಬುಲೆನ್ಸಿಗೆ ಹತ್ತಿಸಿಬಿಟ್ಟರಂತೆ!

ನಗು ಬರುತ್ತೆ, ಆದ್ರೆ ಅವರನ್ನು ತಪ್ಪು ಅನ್ನೋಕಾಗಲ್ಲ. ಡ್ರೈವರುಗಳು ನಿಜವಾಗಿಯೂ ಒಬ್ಬೊಬ್ಬರಾಗಿ ಸೋಲುತ್ತಿದ್ದರು. ಒಬ್ಬ ಇಳಿದರೆ ಅದೇ ಕಾರನ್ನು ಇನ್ನೊಬ್ಬ ಓಡಿಸಬಹುದು ಅನ್ನೋ ನಿಯಮ ಆಗ ಇತ್ತು. ಎರಡನೇ ಸ್ಥಾನ ಪಡೆದ ಕಾರನ್ನು ಓಡಿಸಿದವರು ಮೂವರು. ಮೂರನೇ ಸ್ಥಾನದ್ದಕ್ಕೂ ಮೂವರು, ನಾಲ್ಕನೆಯದಕ್ಕೂ ಮೂವರು. ನಾಲ್ಕನೆಯದರಲ್ಲಿ ಮಾಸ್ ಕೂಡ ಇದ್ದರು. ಕೊನೆವರೆಗೆ ತಮ್ಮ ಕಾರನ್ನು ಒಬ್ಬರೇ ಓಡಿಸಿ ಮುಗಿಸಿದವರು ಇಬ್ಬರೇ, ಇಬ್ಬರೂ ಅಲ್ಲಿನವರೇ: ರಾಬರ್ಟೊ ಮಿಯೆರೆಸ್ ಮತ್ತು ಹ್ವಾನ್ ಮ್ಯಾನುಯೆಲ್ ಫ್ಯಾಂಜಿಯೊ.

ಗೆದ್ದದ್ದು ಫ್ಯಾಂಜಿಯೊ. ವಯಸ್ಸು 43, ತಗೊಂಡ ಸಮಯ ಮೂರು ಗಂಟೆಗಿಂತ ಸ್ವಲ್ಪ ಜಾಸ್ತಿ. ಕಾದ ಲೋಹ ತಾಗಿ ಕಾಲು ಸುಟ್ಟಿತ್ತು. ಹಿಮದಲ್ಲಿ ಸೊಂಟದವರೆಗೆ ಮುಳುಗಿದ್ದೀನಿ ಅಂತ ಕಲ್ಪಿಸಿಕೊಂಡು ಓಡಿಸಿದೆ ಅಂತ ಆಮೇಲೆ ಹೇಳಿದ್ದುಂಟು. ಈ ಕಥೆಯನ್ನು ಎಲ್ಲರೂ ಛಲದ ಕಥೆಯಾಗಿ ಹೇಳ್ತಾರೆ. ಛಲ ಹೌದು, ಇಲ್ಲ ಅನ್ನಲ್ಲ. ನನಗೆ ಮಾತ್ರ ಅದರಲ್ಲಿ ಬೇರೇನೋ ಕಾಣುತ್ತೆ. ಜಗತ್ತಿನ ಅತ್ಯುತ್ತಮ ಇಂಜಿನಿಯರುಗಳು ಕೂತು ಮಾಡಿದ ಕಾರಿನಲ್ಲಿ ಇಂಜಿನ್ನಿಗೆ ರೇಡಿಯೇಟರಿತ್ತು. ಮನುಷ್ಯನಿಗೆ ಇದ್ದದ್ದು ಕಲ್ಪನೆ ಒಂದೇ.

ಮುಂದೆ ಸುಧಾರಿಸಿತಾ? ಇಂಜಿನ್ನು ಡ್ರೈವರಿನ ಹಿಂದಕ್ಕೆ ಹೋಯ್ತು. ಅದೂ ಅವನ ಮೇಲಿನ ಕರುಣೆಯಿಂದಲ್ಲ, ಹಾಗೆ ಕಟ್ಟಿದ ಕಾರು ಹೆಚ್ಚು ಚುರುಕು ಅಂತ. 1984ರ ಜುಲೈ 8ರಂದು ಅಮೆರಿಕದ ಡಲಾಸ್ ನಗರದಲ್ಲಿ ಎಂಥಾ ಬಿಸಿಲಿತ್ತು ಅಂದ್ರೆ, ರೇಸನ್ನು ಬೆಳಿಗ್ಗೆ 11ಕ್ಕೇ ಶುರುಮಾಡಬೇಕಾಯ್ತು. ಡಾಂಬರೇ ಕಿತ್ತು ಬರುತ್ತಿತ್ತು. ಕೊನೆಯಲ್ಲಿ ನಿಂತುಹೋದ ಕಾರನ್ನು ಗೆರೆಯತ್ತ ತಳ್ಳುತ್ತಾ ನೈಜೆಲ್ ಮ್ಯಾನ್ಸೆಲ್ ಕುಸಿದು ಬಿದ್ದರು. ಗೆದ್ದದ್ದು ಕೆಕೆ ರಾಸ್‌ಬರ್ಗ್. ಹೆಲ್ಮೆಟ್ಟಿನ ಕೆಳಗೆ ಅವರು ನೀರು ಹರಿದು ತಂಪಾಗಿಸುವ ಟೋಪಿ ಹಾಕಿದ್ದರು. ಉತ್ತರ ಅಲ್ಲೇ, ಗೆದ್ದವರ ತಲೆ ಮೇಲೇ ಇತ್ತು! ಆದರೂ ಅದು ಎಲ್ಲರಿಗೂ ನಿಯಮ ಆಗಲಿಲ್ಲ.

2023ರ ಅಕ್ಟೋಬರ್ 8, ಕತಾರ್. ರಾತ್ರಿ ರೇಸು, ಆದರೂ ತಡೆಯಲಾಗದ ಸೆಕೆ. ಎಸ್ತೆಬಾನ್ ಒಕಾನ್ ಹೆಲ್ಮೆಟ್ಟಿನೊಳಗೇ ವಾಂತಿ ಮಾಡಿಕೊಂಡರು. ಲೋಗನ್ ಸಾರ್ಜೆಂಟ್ ಆಗಲ್ಲ ಅಂತ ನಡುವೆಯೇ ನಿಲ್ಲಿಸಿದರು. ಕಾರುಗಳ ಇಂಜಿನ್ನುಗಳು ಮಾತ್ರ ಆರಾಮಾಗಿ ಓಡುತ್ತಿದ್ದವು. ಆಮೇಲೆ ನಿಯಮ ಬಂತು: ಉಷ್ಣತೆ, ತೇವಾಂಶ ಎರಡೂ ಸೇರಿದ ಹೀಟ್ ಇಂಡೆಕ್ಸ್ 31 ಡಿಗ್ರಿ ದಾಟುವ ಮುನ್ಸೂಚನೆ ಇದ್ದರೆ ಕಾರಿನಲ್ಲಿ ಡ್ರೈವರನ್ನು ತಂಪಾಗಿಸುವ ವ್ಯವಸ್ಥೆ ಇರಲೇಬೇಕು. ಈ ಎಚ್ಚರಿಕೆ ಮೊದಲ ಸಲ ಘೋಷಣೆಯಾದದ್ದು 2025ರ ಅಕ್ಟೋಬರಿನಲ್ಲಿ, ಸಿಂಗಾಪುರದ ರೇಸಿಗೆ. ಬ್ಯೂನಸ್ ಐರಿಸ್‌ನಿಂದ ಎಣಿಸಿದರೆ 70 ವರ್ಷ.

ಯಾಕಿಷ್ಟು ತಡ? ನನಗನ್ನಿಸೋದು ಇಷ್ಟೇ. ಇಂಜಿನ್ನಿಗೆ ಸಹಿಸಿಕೊಳ್ಳೋದು ಗೊತ್ತಿಲ್ಲ. ಬಿಸಿಯಾದರೆ ಕುದಿಯುತ್ತೆ, ನಿಂತುಬಿಡುತ್ತೆ, ಆಮೇಲೆ ಯಾರು ಎಷ್ಟು ಬೈದರೂ ಹೊರಡಲ್ಲ. ಆದ್ದರಿಂದ ಅದರ ಮಾತು ಮೊದಲ ದಿನದಿಂದಲೇ ನಡೆಯಿತು. ಮನುಷ್ಯ ಹಲ್ಲುಕಚ್ಚಿ ತಡಕೊಳ್ತಾನೆ, ಗೆದ್ದರೆ ನಾವು ಚಪ್ಪಾಳೆ ತಟ್ಟುತ್ತೀವಿ. ಆ ಚಪ್ಪಾಳೆಯ ಸದ್ದಿನಲ್ಲಿ ಕಾಲು ಸುಟ್ಟದ್ದು ಮರೆತೇ ಹೋಗುತ್ತೆ. ಸಿಂಗಾಪುರದಲ್ಲೂ ಆ ತಂಪು ಅಂಗಿಯನ್ನು ಎಲ್ಲರೂ ತೊಡಲಿಲ್ಲ ಅನ್ನೋದನ್ನು ಇಲ್ಲಿ ಹೇಳಿಬಿಡಬೇಕು. ಆಗ ವ್ಯವಸ್ಥೆ ಕಡ್ಡಾಯವಾಗಿತ್ತು, ತೊಡೋದು ಅವರವರ ಇಷ್ಟವಾಗಿತ್ತು. ತಡಕೊಳ್ಳೋ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡಲ್ಲ.